ನಾನು ಕೂತರೆ ನಿಲ್ಲುತ್ತಿದ್ದ ಗಾಡಿ

ಮೋಟೆಬೆನ್ನೂರಿನ ಬಳಿಯ ಒಂದು ಪ್ರೌಢಶಾಲೆಯಲ್ಲಿ ನಾನು ಇಪ್ಪತ್ತಾರು ವರ್ಷಗಳಿಂದ ದೈಹಿಕ ಶಿಕ್ಷಕಿ. ಮನೆ ಹಾವೇರಿಯಲ್ಲಿ. ಬೆಳಿಗ್ಗೆ ಬಸ್ಸು ಹತ್ತಿ, ಹೆದ್ದಾರಿಯಲ್ಲಿ ಇಳಿದು, ಐದು ನಿಮಿಷ ನಡೆದರೆ ಶಾಲೆಯ ಗೇಟು. ನಮ್ಮ ಶಾಲೆಯ ಕಟ್ಟಡ ಸಣ್ಣದು, ಮೈದಾನ ಮಾತ್ರ ತುಂಬ ದೊಡ್ಡದು. ಎರೆಮಣ್ಣಿನ ನೆಲ. ಮುಂಗಾರಿನಲ್ಲಿ ನಾಲ್ಕು ಸಲ ಚೆನ್ನಾಗಿ ಮಳೆಯಾದರೆ ಸಾಕು, ಹುಲ್ಲು ಮೊಣಕಾಲಿಗೆ ಬರುತ್ತದೆ. ಆಮೇಲೆ ಮಕ್ಕಳು ಓಡುವ ಹಾಗಿಲ್ಲ. ಒಳಗೆ ಕಲ್ಲಿದೆಯೋ ಹಾವಿದೆಯೋ ಕಾಣುವುದಿಲ್ಲ. ಪ್ರತಿ ವರ್ಷ ಕುಡುಗೋಲು ಹಿಡಿದವರು ಬಂದು ಒಂದು ಮೂಲೆಯಿಂದ ಕೊಯ್ಯುತ್ತಾ ಇನ್ನೊಂದು ಮೂಲೆ ಮುಟ್ಟುವಷ್ಟರಲ್ಲಿ ಮೊದಲಿನ ಮೂಲೆಯಲ್ಲಿ ಮತ್ತೆ ಹುಲ್ಲು ಎದ್ದಿರುತ್ತಿತ್ತು.

ಈ ವರ್ಷ ತಾಲೂಕು ಮಟ್ಟದ ಕ್ರೀಡಾಕೂಟ ನಡೆಸುವ ಸರದಿ ನಮ್ಮ ಶಾಲೆಗೆ ಬಂತು. ಮುಖ್ಯೋಪಾಧ್ಯಾಯಿನಿಯವರು ಬ್ಯಾಡಗಿಯಲ್ಲಿ ಸಭೆ ಮುಗಿಸಿ ಬಂದು ಸುದ್ದಿ ಹೇಳಿದಾಗ ನನಗೆ ಕುಣಿಯಬೇಕೆನ್ನಿಸಿತು. ಇಪ್ಪತ್ತಾರು ವರ್ಷ ಬೇರೆಯವರ ಮೈದಾನಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದವಳು ನಾನು. ಆಮೇಲೆ ಕಿಟಕಿಯಿಂದ ಹೊರಗೆ ನೋಡಿದೆ. ಇನ್ನೂರು ಮೀಟರ್ ಟ್ರ್ಯಾಕು ಬರಬೇಕಾದ ಜಾಗದಲ್ಲಿ ಹುಲ್ಲು ಗಾಳಿಗೆ ಓಲಾಡುತ್ತಿತ್ತು.

ಗಾಡಿ ಸಿಕ್ಕಿದ್ದು ಆ ವಾರವೇ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ರಾಣೇಬೆನ್ನೂರಿನಲ್ಲಿ ಗಂಡನ ಜೊತೆ ಮದುವೆಗಳಿಗೆ ಬಾಡಿಗೆ ಕೊಡುವ ಲಾನ್ ನಡೆಸುತ್ತಾಳೆ. ಮೊದಲು ಅಲ್ಲಿ ನಿಜವಾದ ಹುಲ್ಲಿತ್ತು, ಅದನ್ನು ಕತ್ತರಿಸಲು ಒಂದು ಗಾಡಿಯಿತ್ತು. ಕೂತು ಓಡಿಸುವಂಥದು. ಆಮೇಲೆ ಅವರು ಪ್ಲಾಸ್ಟಿಕ್ ಹುಲ್ಲು ಹಾಸಿದರು. ಫೋನಿನಲ್ಲಿ ನನ್ನ ಸಂಕಟ ಕೇಳಿದವಳು ಹೇಳಿದಳು:

"ಅಕ್ಕೋರ, ನಮ್ಮ ಗಾಡಿ ಎರಡು ವರ್ಷದಿಂದ ಶೆಡ್ಡಿನ್ಯಾಗ ನಿಂತೈತ್ರಿ. ಚಾಲೂ ಆಗಂಗಿಲ್ಲ. ಎಂಜಿನ್ ಮಾತ್ರ ಚೊಲೋ ಐತಿ. ನಿಮಗ ಉಪಯೋಗ ಆಗೂದಿದ್ರ ಕಳಸಲೇನ್ರಿ?"

ಮರುದಿನ ಅದು ಟೆಂಪೋದಲ್ಲಿ ಬಂತು. ಮಕ್ಕಳು ತರಗತಿಯ ಕಿಟಕಿಗಳಿಗೆ ಅಂಟಿಕೊಂಡು ನೋಡಿದರು. ಕರು ಗಾತ್ರದ ಟ್ರ್ಯಾಕ್ಟರ್ ಅನ್ನಬಹುದು. ನಾಲ್ಕು ಗಾಲಿ, ಒಂದು ಸ್ಟಿಯರಿಂಗು, ಕರಿ ರೆಗ್ಜಿನ್ನಿನ ಒಂದು ಸೀಟು. ಹೊಟ್ಟೆಯ ಕೆಳಗೆ ಅಗಲವಾದ ಕಬ್ಬಿಣದ ತಟ್ಟೆ, ಅದರೊಳಗೆ ಫ್ಯಾನಿನಂತೆ ತಿರುಗುವ ಎರಡು ಬ್ಲೇಡು. ಬಣ್ಣ ಕೆಂಪು, ತುಕ್ಕು ಹಿಡಿದಲ್ಲಿ ಇನ್ನಷ್ಟು ಕೆಂಪು. ಬ್ರೇಕು ಒತ್ತಿದರೆ ಮಾತ್ರ ಚಾಲೂ ಆಗುವ ಗಾಡಿ ಎಂದು ಅವಳು ಹೇಳಿದ್ದಳು. ನಾನು ಹತ್ತಿ ಕೂತು, ಬ್ರೇಕು ಒತ್ತಿ ಕೀಲಿ ತಿರುಗಿಸಿದೆ. ಏನೂ ಆಗಲಿಲ್ಲ. ಒಂದು ಸದ್ದಿಲ್ಲ, ಒಂದು ದೀಪವಿಲ್ಲ.

ನಮ್ಮ ಶಾಲೆಯ ಸಿಪಾಯಿಯನ್ನು ಎಲ್ಲರೂ ಕಾಕಾ ಅನ್ನುತ್ತೇವೆ. ಮೋಟೆಬೆನ್ನೂರಿನವರೇ, ಗಂಟೆ ಹೊಡೆಯುವುದರಿಂದ ಹಿಡಿದು ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವವರೆಗೆ ಎಲ್ಲ ಅವರೇ. ತೊಂಬತ್ತು ಕೆಜಿಯ ಆಳು. ಅವರು ಸುತ್ತ ಒಂದು ಸಲ ತಿರುಗಿ ಹೇಳಿದರು:

"ಮದಿವಿ ಊಟಾ ಉಂಡು ಮಲಗೇತ್ರಿ ಅಕ್ಕೋರ. ಇನ್ನ ಏಳಂಗಿಲ್ಲ ಇದು."

ಊರಿನ ಟ್ರ್ಯಾಕ್ಟರ್ ಮೆಕ್ಯಾನಿಕ್ ಬಂದು ಪ್ಲಗ್ಗು, ಆಯಿಲು, ಪೆಟ್ರೋಲು ಎಲ್ಲ ನೋಡಿ, ಎಂಜಿನ್ನಿಗೆ ಏನೂ ಆಗಿಲ್ಲ, ಇದು ಕರೆಂಟಿನ ದೋಷ, ತನಗೆ ಆ ಕೆಲಸ ಬರುವುದಿಲ್ಲ ಎಂದು ಕೈ ಒರೆಸಿಕೊಂಡು ಹೋದ. ಆಗ ನನಗೆ ಬ್ಯಾಡಗಿಯ ಚಾಚಾ ನೆನಪಾದರು.

ಚಾಚಾ ಎಂದರೆ ನಲವತ್ತು ವರ್ಷ ಬ್ಯಾಡಗಿಯಲ್ಲಿ ಗಾಡಿಗಳ ಕರೆಂಟಿನ ಕೆಲಸ ಮಾಡಿದವರು. ಮೆಣಸಿನಕಾಯಿ ಹೇರಿಕೊಂಡು ಬರುವ ಟ್ರ್ಯಾಕ್ಟರು, ಲಾರಿಗಳೆಲ್ಲ ದೀಪ ಹೋದರೆ, ಸೆಲ್ಫ್ ಕೆಟ್ಟರೆ ಅವರ ಅಂಗಡಿಯ ಮುಂದೆ ನಿಲ್ಲುತ್ತಿದ್ದವು. ಅವರ ಮಗಳು ನನ್ನ ಖೋ-ಖೋ ತಂಡದಲ್ಲಿದ್ದಳು, ಈಗ ಹಾವೇರಿಯಲ್ಲಿ ನರ್ಸ್. ಅವಳಿಗೆ ಫೋನ್ ಮಾಡಿದೆ.

"ಅಬ್ಬಾಗ ಕಣ್ಣಿನ ಆಪರೇಶನ್ ಆಗೇತ್ರಿ ಅಕ್ಕೋರ. ಪೊರೆ ತಗದಾರ. ಹತ್ತು ದಿನಾ ಆತು," ಎಂದಳು. ಹಾಗಾದರೆ ಬೇಡ ಬಿಡು ಎನ್ನುವಷ್ಟರಲ್ಲಿ ಅವಳೇ ಮುಂದುವರಿಸಿದಳು: "ಮನ್ಯಾಗ ಕುಂತು ಕುಂತು ಎಲ್ಲಾರ ಮ್ಯಾಲೆ ಸಿಟ್ಟು ಮಾಡಾಕತ್ತಾರ. ನೀವು ಕರ್ಕೊಂಡು ಹೋಗ್ರಿ. ಆದ್ರ ಬಗ್ಗಾಕ ಬಿಡಬ್ಯಾಡ್ರಿ. ಭಾರಾ ಎತ್ತಬಾರದು, ಧೂಳಿಗೆ ಹೋಗಬಾರದು. ಕುರ್ಚಿ ಮ್ಯಾಲೆ ಕುಂದ್ರಸ್ರಿ, ಅಷ್ಟ."

ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಚಾಚಾ ಆಟೋದಲ್ಲಿ ಬಂದರು. ಕಪ್ಪು ಕನ್ನಡಕ, ಬಿಳಿ ಟೊಪ್ಪಿಗೆ, ಕೈಯಲ್ಲಿ ಹಳೆಯ ರೆಗ್ಜಿನ್ ಚೀಲ. ಗಾಡಿಯನ್ನು ಬೇವಿನ ಮರದ ನೆರಳಿಗೆ ತಳ್ಳಿದ್ದೆವು. ಅವರಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿದೆ. ಅವರು ಕೂತು, ಚೀಲವನ್ನು ನನ್ನ ಕಡೆ ಚಾಚಿದರು.

"ತಗೊಳ್ರಿ."

"ನಾನ್ರಿ?"

"ಮತ್ತ ಯಾರು? ನಾ ಬಗ್ಗಂಗಿಲ್ಲ. ಕಾಕಾನ ಬೆರಳ ದಪ್ಪ ಅದಾವ, ವಾಯರಿನ ಸಂದ್ಯಾಗ ಹೋಗಂಗಿಲ್ಲ. ನೀವ ಮಾಡ್ರಿ, ನಾ ಹೇಳ್ತೇನಿ."

ನಾನು ಅಲ್ಲಿಯವರೆಗೆ ಮನೆಯಲ್ಲಿ ಬಲ್ಬು ಬದಲಿಸುವುದಕ್ಕಿಂತ ಹೆಚ್ಚಿನ ಕರೆಂಟಿನ ಕೆಲಸ ಮಾಡಿದವಳಲ್ಲ. ಚೀಲ ತೆರೆದೆ. ಕರೆಂಟು ನೋಡುವ ಒಂದು ಮೀಟರು, ಇಕ್ಕಳ, ಎರಡು ಸ್ಕ್ರೂಡ್ರೈವರು, ಬೋಲ್ಟು ಬಿಚ್ಚುವ ಪಾನಾಗಳು, ಒಂದು ತುಂಡು ಉಸುಕಿನ ಕಾಗದ, ಮತ್ತೆ ಎರಡು ವಾಯರು ಕಟ್ಟಿದ ಒಂದು ಸಣ್ಣ ಬಲ್ಬು. ಲಾರಿಯ ಇಂಡಿಕೇಟರಿನಲ್ಲಿ ಇರುತ್ತದಲ್ಲ, ಅಂಥದು.

"ಮೀಟರ್ ಆಮ್ಯಾಲೆ. ಮೊದಲ ಬಲ್ಬ್ ಹಿಡೀರಿ," ಎಂದರು ಚಾಚಾ. "ಅದಕೂ ಮೊದಲ ಪ್ಲಗ್ಗಿನ ಟೊಪಗಿ ಕಿತ್ತ ಇಡ್ರಿ. ನಾವು ಹುಡುಕೂ ಮುಂದ ಬ್ಲೇಡ್ ತಿರಗಬಾರದು."

ಪ್ಲಗ್ಗಿನ ಮೇಲಿನ ರಬ್ಬರಿನ ಟೊಪ್ಪಿಗೆ ಎಳೆದು ಪಕ್ಕಕ್ಕಿಟ್ಟೆ. ಅವರು ಕೆಲಸದ ದಾರಿ ಹೇಳಿದರು:

"ಕರೆಂಟು ಬಸ್ ಇದ್ದಂಗ್ರಿ ಅಕ್ಕೋರ. ಹಾವೇರಿಯಿಂದ ಹೊಂಟು ಬ್ಯಾಡಗಿ ಮುಟ್ಟಬೇಕು, ಮತ್ತ ಹೊಳ್ಳಿ ಹಾವೇರಿಗೆ ಬರಬೇಕು. ನಡುವ ಎಲ್ಲೇರ ರಸ್ತೆ ಕಡದಿತ್ತಂದ್ರ ಅಲ್ಲೇ ನಿಂತಿರ್ತೈತಿ. ಎಲ್ಲಿತನಕಾ ಬಂದೈತಿ ಅಂತ ಹುಡುಕೂದು. ನಮ್ಮ ಕೆಲಸ ಅಷ್ಟ."

ಇಷ್ಟು ಸುಲಭವಾಗಿ ನನಗೆ ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ. ಬಲ್ಬಿನ ಒಂದು ವಾಯರನ್ನು ಬ್ಯಾಟರಿಯ ಒಂದು ತುದಿಗೆ, ಇನ್ನೊಂದನ್ನು ಇನ್ನೊಂದು ತುದಿಗೆ ಹಿಡಿದೆ. ಬಲ್ಬಿನೊಳಗಿನ ತಂತಿ ಕೆಂಪಗಾಯಿತು, ಅಷ್ಟೇ. ಬೀಡಿಯ ಕಿಡಿಯಷ್ಟು ಬೆಳಕು.

"ಬಸ್ಸಿಗೆ ಡೀಸೆಲ್ಲ ಇಲ್ಲ," ಎಂದರು ಚಾಚಾ.

ಕಾಕಾ ಬ್ಯಾಟರಿಯನ್ನು ಸೈಕಲ್ ಮೇಲಿಟ್ಟುಕೊಂಡು ಹೆದ್ದಾರಿಯ ಬದಿಯ ಅಂಗಡಿಯಲ್ಲಿ ಚಾರ್ಜಿಗೆ ಕೊಟ್ಟು ಬಂದರು. ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು. ಬಸ್ಸಿನಲ್ಲಿ ಹಾವೇರಿಗೆ ವಾಪಸ್ಸು ಹೋಗುವಾಗ ನನ್ನ ಎರಡೂ ಕೈ ಗ್ರೀಸಿನಿಂದ ಕಪ್ಪಾಗಿದ್ದವು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೀರೆಯ ಸೆರಗನ್ನು ತನ್ನ ಕಡೆ ಎಳೆದುಕೊಂಡಳು. ನನಗೆ ಒಂಥರಾ ಹೆಮ್ಮೆ ಅನ್ನಿಸಿತು. ಭಾನುವಾರ ಯಾವಾಗ ಬೆಳಗಾಗುತ್ತದೋ ಎಂದು ಕಾದೆ.

ಭಾನುವಾರ ಎಂಟು ಗಂಟೆಗೇ ಮೂವರೂ ಬೇವಿನ ಮರದ ಕೆಳಗಿದ್ದೆವು. ಬ್ಯಾಟರಿ ತುಂಬಿ ಬಂದಿತ್ತು, ಬಲ್ಬು ಹಿಡಿದರೆ ಕಣ್ಣು ಕುಕ್ಕುವ ಬೆಳಕು. ಬ್ಯಾಟರಿ ಕೂರಿಸಿ ಕೀಲಿ ತಿರುಗಿಸಿದೆ. ಮತ್ತೆ ಅದೇ ಮೌನ. ಕಾಕಾ ನಿಟ್ಟುಸಿರು ಬಿಟ್ಟರು. ಚಾಚಾ ಮಾತ್ರ ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ಚೊಲೋ ಆತು. ಮುಂದಿನ ಸ್ಟಾಪ್. ಫ್ಯೂಜ್ ನೋಡ್ರಿ."

ಸಣ್ಣ ಹಳದಿ ಫ್ಯೂಜು. ಕಿತ್ತು ಬೆಳಕಿಗೆ ಹಿಡಿದು ನೋಡಿದೆ. ಒಳಗಿನ ತಂತಿ ಸರಿಯಾಗಿಯೇ ಇತ್ತು. "ಚೊಲೋ ಐತ್ರಿ ಚಾಚಾ," ಎಂದೆ.

"ಕಣ್ಣ ನಂಬಬ್ಯಾಡ್ರಿ," ಎಂದು ಅವರು ತಮ್ಮ ಕಪ್ಪು ಕನ್ನಡಕ ಮುಟ್ಟಿಕೊಂಡು ನಕ್ಕರು. "ಹಾಕಿ, ಈ ಕಡೆ ಒಮ್ಮೆ, ಆ ಕಡೆ ಒಮ್ಮೆ ಬಲ್ಬ್ ಹಚ್ಚಿ ನೋಡ್ರಿ."

ಬಲ್ಬಿನ ಒಂದು ವಾಯರನ್ನು ಬ್ಯಾಟರಿಯ ಮೈನಸ್ಸಿಗೆ ಸಿಕ್ಕಿಸಿ, ಇನ್ನೊಂದನ್ನು ಫ್ಯೂಜಿನ ಈ ಕಡೆಯ ಕಾಲಿಗೆ ಹಿಡಿದೆ. ಬಲ್ಬು ಹತ್ತಿತು. ಆ ಕಡೆಯ ಕಾಲಿಗೆ ಹಿಡಿದೆ. ಹತ್ತಲಿಲ್ಲ. ಎರಡು ವರ್ಷ ಯಾರಿಗೂ ಸಿಗದೆ ಕೂತಿದ್ದ ಜಾಗ ಇದು, ಒಂದು ಬೆರಳಿನಗಲದ ಒಳಗೆ ಇತ್ತು, ಮತ್ತು ಅದು ನನ್ನ ಕೈಗೆ ಸಿಕ್ಕಿತ್ತು. ಫ್ಯೂಜಿನ ತಂತಿಯಲ್ಲಿ ಕೂದಲಿಗಿಂತ ಸಣ್ಣ ಬಿರುಕು ಬಿಟ್ಟಿತ್ತಂತೆ. ಚಾಚಾ ಅಂಗಿಯ ಜೇಬಿನಿಂದ ಅಷ್ಟೇ ತಾಕತ್ತಿನ ಹೊಸ ಫ್ಯೂಜು ತೆಗೆದುಕೊಟ್ಟರು.

ಈ ಸಲ ಕೀಲಿ ತಿರುಗಿಸಿದಾಗ ಗಾಡಿಯ ಹೊಟ್ಟೆಯೊಳಗೆ 'ಟಕ್' ಎಂದಿತು.

ಚಾಚಾ ಕೈ ಎತ್ತಿದರು. "ಮತ್ತೊಮ್ಮೆ."

ಟಕ್.

"ಮಾತಾಡಾಕತ್ತೇತಿ," ಎಂದರು.

ಟಕ್ ಅನ್ನುವುದು ಸೋಲನಾಯ್ಡ್ ಎಂಬ ದೊಡ್ಡ ಸ್ವಿಚ್ಚು. ಕೀಲಿಯ ಸಣ್ಣ ಕರೆಂಟು ಅದನ್ನು ಎಬ್ಬಿಸುತ್ತದೆ, ಅದು ಬ್ಯಾಟರಿಯ ದೊಡ್ಡ ಕರೆಂಟನ್ನು ಎಂಜಿನ್ ತಿರುಗಿಸುವ ಸೆಲ್ಫಿಗೆ ಬಿಡುತ್ತದೆ. ಅಂದರೆ ಎಬ್ಬಿಸುವವನು ಎದ್ದಿದ್ದ, ಸೆಲ್ಫ್ ಏಳುತ್ತಿರಲಿಲ್ಲ. ಮೀಟರು ಹಿಡಿದು ನೋಡಿದರೆ ಸೆಲ್ಫಿನ ತುದಿಯವರೆಗೂ ಕರೆಂಟು ಬಂದಿದೆ ಎಂದೇ ತೋರಿಸುತ್ತಿತ್ತು. ನಾನು ಒಂದು ಗಂಟೆ ಅದರ ಸುತ್ತ ತಿರುಗಿದೆ. ಬಿಸಿಲು ಏರಿತು. ಕಾಕಾ ಚಹಾ, ಗಿರ್ಮಿಟ್ ತಂದರು. ತಿನ್ನುತ್ತಾ ಕೂತಾಗ ಚಾಚಾ ಹೇಳಿದ ಬಸ್ಸಿನ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಬ್ಯಾಡಗಿ ಮುಟ್ಟಿದ ಬಸ್ಸು ಹಾವೇರಿಗೆ ವಾಪಸ್ಸು ಬರಬೇಕಲ್ಲ.

"ಚಾಚಾ, ಹೊಳ್ಳಿ ಹೋಗೂ ದಾರಿ ನಾವು ನೋಡೇ ಇಲ್ಲಲ್ರಿ," ಎಂದೆ.

ಅವರು ಚಹಾದ ಕಪ್ಪು ಕೆಳಗಿಟ್ಟರು. "ನಾನೂ ಅದನ್ನ ಕಾಯಾಕತ್ತಿದ್ದೆ, ನೀವು ಯಾವಾಗ ಕೇಳ್ತೀರಿ ಅಂತ."

ಬ್ಯಾಟರಿಯ ಮೈನಸ್ಸಿನಿಂದ ಹೊರಟ ದಪ್ಪ ಕರಿ ವಾಯರು ಗಾಡಿಯ ಚೌಕಟ್ಟಿಗೆ ಒಂದು ಬೋಲ್ಟಿನಿಂದ ಸೇರುತ್ತದೆ. ಕರೆಂಟು ವಾಪಸ್ಸು ಬರುವ ಈ ದಾರಿಗೆ ಗಾಡಿಯವರು ಅರ್ಥ್ ಅನ್ನುತ್ತಾರೆ. ಆ ಬೋಲ್ಟು ಹುಡುಕಲು ನಾನು ನೆಲದ ಮೇಲೆ ಅಂಗಾತ ಮಲಗಬೇಕಾಯಿತು. ಬೋಲ್ಟಿನ ಸುತ್ತ ಹಸಿರು, ಬಿಳಿ ಪುಡಿ ಮೆತ್ತಿಕೊಂಡಿತ್ತು. ಮದುವೆ ಲಾನಿನಲ್ಲಿ ದಿನಾ ನೀರು ಹೊಡೆದು ಹೊಡೆದು ಹಾಗಾಗಿದ್ದಿರಬೇಕು. ಬಿಚ್ಚಿ, ವಾಯರಿನ ತುದಿಯನ್ನೂ ಚೌಕಟ್ಟನ್ನೂ ಉಸುಕಿನ ಕಾಗದದಿಂದ ತಿಕ್ಕಿದೆ. ಕಬ್ಬಿಣ ಬೆಳ್ಳಿಯಂತೆ ಹೊಳೆಯುವವರೆಗೆ ತಿಕ್ಕಿ ಎಂದು ಚಾಚಾ ಕುರ್ಚಿಯಿಂದಲೇ ಹೇಳುತ್ತಿದ್ದರು. ತಿಕ್ಕಿದ ಧೂಳು ನನ್ನ ಮುಖದ ಮೇಲೆ ಬೀಳುತ್ತಿತ್ತು. ಬೋಲ್ಟು ಬಿಗಿದು ಎದ್ದು, ಹೊರಗೆ ನಿಂತೇ ಬ್ರೇಕಿನ ಪೆಡಲ್ಲು ಕೈಯಿಂದ ಒತ್ತಿ ಕೀಲಿ ತಿರುಗಿಸಿದೆ.

ಎಂಜಿನ್ನು ಗಿರ್‍ ಗಿರ್‍ ಎಂದು ತಿರುಗಿತು. ಪ್ಲಗ್ಗಿನ ಟೊಪ್ಪಿಗೆ ಹಾಕಿರಲಿಲ್ಲವಾದ್ದರಿಂದ ಚಾಲೂ ಆಗಲಿಲ್ಲ, ಆದರೆ ತಿರುಗಿತು. ನಾನು ಕಾಕಾನ ತೋಳು ಹಿಡಿದು ಅಲ್ಲಾಡಿಸಿಬಿಟ್ಟೆ. ಅವರು ಗಾಬರಿಯಾಗಿ ಗಿರ್ಮಿಟ್ ಪೊಟ್ಟಣ ಬೀಳಿಸಿದರು.

ಟೊಪ್ಪಿಗೆ ಹಾಕಿದೆ. ಸೀಟಿನ ಮೇಲೆ ಕೂತೆ. ಬ್ರೇಕು ಒತ್ತಿ ಕೀಲಿ ತಿರುಗಿಸಿದೆ. ಎರಡು ಸಲ ಕೆಮ್ಮಿ, ಒಂದಿಷ್ಟು ಬಿಳಿ ಹೊಗೆ ಉಗುಳಿ, ಗಾಡಿ ಗುಡುಗುಡು ಅನ್ನತೊಡಗಿತು. ನನ್ನ ಕೆಳಗೆ ಸೀಟು ನಡುಗುತ್ತಿತ್ತು. ಮೈದಾನದ ಆ ತುದಿ ನೋಡಿ, ಹೊರಡೋಣವೆಂದು ಬ್ರೇಕಿನಿಂದ ಕಾಲು ತೆಗೆದೆ.

ಗಾಡಿ ನಿಂತುಹೋಯಿತು.

ಮತ್ತೆ ಚಾಲೂ ಮಾಡಿದೆ. ಕಾಲು ತೆಗೆದೆ. ನಿಂತಿತು. ಮೂರನೆಯ ಸಲವೂ ಅಷ್ಟೇ. "ನೀವು ಕುಂದ್ರಿ ನೋಡೂಣು," ಎಂದು ಕಾಕಾನಿಗೆ ಹೇಳಿ ಇಳಿದೆ. ಕಾಕಾ ಕೂತರು, ಚಾಲೂ ಮಾಡಿದರು, ಕಾಲು ತೆಗೆದರು. ಗಾಡಿ ಗುಡುಗುಡು ಎನ್ನುತ್ತಲೇ ಇತ್ತು. ಅವರು ಮೆಲ್ಲಗೆ ಮರದ ಸುತ್ತ ಒಂದು ಸುತ್ತು ಹಾಕಿಕೊಂಡು ಬಂದು, ಮೀಸೆಯಡಿ ನಗುತ್ತಾ ಹೇಳಿದರು:

"ಗಾಡಿಗೂ ಗೊತ್ತಾಗ್ತೈತ್ರಿ ಅಕ್ಕೋರ, ಯಾರು ಖರೇ ಡ್ರೈವರು ಅಂತ."

ನಾನು ಮತ್ತೆ ಕೂತೆ, ಮತ್ತೆ ನಿಂತಿತು. ನನಗೆ ಸಿಟ್ಟು ಬಂತು, ಆದರೆ ಅದು ಬೇಸರದ ಸಿಟ್ಟಲ್ಲ. ಫೈನಲ್ ಪಂದ್ಯದಲ್ಲಿ ಒಂದು ಅಂಕ ಹಿಂದಿರುವಾಗ ಬರುತ್ತದಲ್ಲ, ಅಂಥದು. ಚಾಚಾಗೂ ಇದು ಹೊಸದು. ಬ್ರೇಕಿನ ಸ್ವಿಚ್ಚು ನೋಡಿದೆವು. ಸರಿಯಾಗಿತ್ತು. ಬ್ಲೇಡಿನ ಸ್ವಿಚ್ಚು ನೋಡಿದೆವು. ಅದೂ ಸರಿ.

"ಕಾಕಾ, ಇನ್ನೊಂದು ಸುತ್ತ ಹಾಕ್ರಿ," ಎಂದರು ಚಾಚಾ. "ನಾ ಕೇಳ್ತೇನಿ."

ಕಾಕಾ ಹೊರಟರು. ಮರ ದಾಟಿದ ಮೇಲೆ ಹುಲ್ಲಿನಲ್ಲಿ ಮುಂದೆ ಕಲ್ಲೇನಾದರೂ ಇದೆಯೋ ಎಂದು ಸೀಟಿನಿಂದ ಅರ್ಧ ಎದ್ದು ಇಣುಕಿದರು. ಗಾಡಿ ಕೆಮ್ಮಿ ನಿಂತಿತು. ಅವರು ದೊಪ್ಪನೆ ಕೂತರು.

ಆ ಕ್ಷಣ ನನಗೆ ಹೊಳೆಯಿತು. ನಾನು ನಲವತ್ಮೂರು ಕೆಜಿ. ಮದುವೆಯಾದಾಗಲೂ ಅಷ್ಟೇ, ಈಗಲೂ ಅಷ್ಟೇ.

"ಚಾಚಾ," ಎಂದೆ, "ನಾ ಕುಂತದ್ದು ಈ ಗಾಡಿಗೆ ಗೊತ್ತ ಆಗವಲ್ದು."

ಚಾಚಾ ಕನ್ನಡಕ ನನ್ನ ಕಡೆ ತಿರುಗಿಸಿದರು. ತೊಡೆಯ ಮೇಲೆ ಕೈ ಬಡಿದುಕೊಂಡು ಹೇಳಿದರು, ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಲ್ಲಿ ಚೀಲ ಎತ್ತುವ ಗಾಡಿಯೊಂದನ್ನು ತಾವು ನೋಡಿದ್ದಾಗಿ. ಡ್ರೈವರು ಇಳಿದರೆ ಅದು ತಾನೇ ನಿಲ್ಲುತ್ತಿತ್ತಂತೆ. ಸೀಟಿನ ಕೆಳಗೆ ಒಂದು ಸ್ವಿಚ್ಚು ಇರುತ್ತದೆ, ಮೇಲೆ ಭಾರ ಬಿದ್ದರೆ ಎಂಜಿನ್ ಓಡಲು ಬಿಡುತ್ತದೆ, ಭಾರ ಹೋದರೆ ನಿಲ್ಲಿಸುತ್ತದೆ. ಬ್ರೇಕು ಒತ್ತಿರುವವರೆಗೆ ಮಾತ್ರ ಅದರ ಮಾತು ನಡೆಯುವುದಿಲ್ಲ.

"ಹಂಗಂತ ನನ್ನ ಅಂದಾಜು. ಖರೇ ಏನು ಅಂತ ನೋಡಬೇಕಲ್ಲ," ಎಂದರು. "ಹೆಂಗ ನೋಡ್ತೀರಿ?"

ನೋಡುವ ದಾರಿ ನನ್ನ ಕೋಣೆಯಲ್ಲೇ ಇತ್ತು. ಓಡಿಹೋಗಿ ಗುಂಡು ಎಸೆತದ ಗುಂಡುಗಳನ್ನು ತಂದೆ. ಹುಡುಗಿಯರದು ನಾಲ್ಕು ಕೆಜಿಯದು ಒಂದು, ಹುಡುಗರದು ಐದು ಕೆಜಿಯವು ಎರಡು. ಸೀಟಿನ ಮೇಲೆ ಕೂತು, ಗಾಡಿ ಚಾಲೂ ಮಾಡಿ, ನಾಲ್ಕು ಕೆಜಿಯ ಗುಂಡನ್ನು ಮಡಿಲಲ್ಲಿ ಇಟ್ಟುಕೊಂಡೆ. ಕಾಲು ತೆಗೆದೆ. ನಿಂತಿತು. ಕಾಕಾ ಐದರದೊಂದು ಕೊಟ್ಟರು, ಮತ್ತೆ ಚಾಲೂ ಮಾಡಿದೆ. ಕಾಲು ತೆಗೆದೆ. ಕೆಮ್ಮಿತು, ಉಸಿರು ಹಿಡಿಯಿತು, ನಿಂತಿತು. "ಇನ್ನೊಂದು ಕೊಡ್ರಿ," ಎಂದೆ. ಮೂರೂ ಗುಂಡುಗಳನ್ನು ಕೂಸಿನಂತೆ ಅಪ್ಪಿಕೊಂಡು ಕಾಲು ತೆಗೆದೆ.

ಗುಡುಗುಡು ಗುಡುಗುಡು. ನಿಲ್ಲಲಿಲ್ಲ.

ಕಾಕಾ ನಕ್ಕು ನಕ್ಕು ನೆಲಕ್ಕೇ ಕೂತರು. ಚಾಚಾಗೆ ನಗಲು ಹೆದರಿಕೆ, ಹೊಲಿಗೆ ಏನಾದರೂ ಆದೀತು ಎಂದು, ಅದಕ್ಕೆ ಬಾಯಿಗೆ ಕರ್ಚೀಫು ಒತ್ತಿಕೊಂಡಿದ್ದರು. ನಾನು ಮಾತ್ರ ಗುಂಡು ಇಳಿಸಲಿಲ್ಲ. ಹಾಗೇ ಕೂತು ಆ ಸದ್ದು ಕೇಳುತ್ತಿದ್ದೆ. ಒಂದು ಪ್ರಶ್ನೆ ಕೇಳಿ, ಅದಕ್ಕೆ ಗಾಡಿಯಿಂದಲೇ ಉತ್ತರ ಪಡೆದಿದ್ದೆ. ಪದಕ ಗೆದ್ದ ದಿನಗಳಲ್ಲೂ ನನಗೆ ಇಂಥ ಖುಷಿ ಆದದ್ದು ಕಡಿಮೆ.

ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು, ಪ್ಲಗ್ಗಿನ ಟೊಪ್ಪಿಗೆ ಕಿತ್ತು ಸೀಟು ಎತ್ತಿದೆವು. ಕೆಳಗೆ ಬೆರಳಿನ ತುದಿಯಷ್ಟು ದೊಡ್ಡ ಒಂದು ಕರಿ ಗುಂಡಿ. ಅದೇ ಸ್ವಿಚ್ಚು. ಅದರಿಂದ ಎರಡು ವಾಯರು ಹೊರಟಿದ್ದವು. ಕಾಕಾ ಇಣುಕಿ ನೋಡಿ ಹೇಳಿದರು:

"ಇಷ್ಟೇನು? ಈ ಸ್ವಿಚ್ಚ ಇಲ್ಲದಂಗ ವಾಯರ್ ಏನರ ಮಾಡಿಬಿಡ್ರಿ. ಯಾರರ ಕುಂದರ್ಲಿ, ಯಾರರ ಏಳ್ಲಿ, ಗಾಡಿ ನಡೀತಿರ್ತೈತಿ. ಕೆಲಸ ಮುಗೀತು."

ಸುಳ್ಳು ಹೇಳುವುದಿಲ್ಲ, ನನಗೂ ಹಾಗೇ ಅನ್ನಿಸಿತ್ತು. ಕ್ರೀಡಾಕೂಟಕ್ಕೆ ಐದು ದಿನ ಉಳಿದಿತ್ತು.

"ಬ್ಯಾಡ," ಎಂದರು ಚಾಚಾ.

ಆ ಒಂದು ಮಾತಿನಲ್ಲಿ ನಗು ಪೂರ್ತಿ ಹೋಗಿತ್ತು. ಅವರು ಕನ್ನಡಕ ಸರಿಪಡಿಸಿಕೊಂಡು ನಿಧಾನವಾಗಿ ಹೇಳಿದರು:

"ನಾ ಒಮ್ಮೆ ಮಾಡೇನಿ. ಭಾಳ ವರ್ಷದ ಹಿಂದ. ಟ್ರ್ಯಾಕ್ಟರ್ ಗೇರ್‌ನ್ಯಾಗಿದ್ರ ಸೆಲ್ಫ್ ಹೊಡೀಬಾರದು ಅಂತ ಒಂದು ಸ್ವಿಚ್ಚ ಇರ್ತೈತಿ. ಅದು ಕೆಟ್ಟಿತ್ತು. ಸುಗ್ಗಿ ಟೈಮು, ಲಗೂ ಮಾಡಿಕೊಡ್ರಿ ಅಂದ್ರು. ಎರಡೂ ವಾಯರ್ ಜೋಡಿಸಿ ಕಳಿಸಿದೆ. ಮರುದಿನಾ ಆ ಮನಿ ಹುಡುಗ ಕೆಳಗ ನಿಂತ ಕೀಲಿ ತಿರುವ್ಯಾನ. ಗೇರ್‌ನ್ಯಾಗಿತ್ತು. ಜಿಗದು ಬಂತು. ಕಾಲಿನ ಮ್ಯಾಲೆ ಹಾದುಹೋತು. ಈಗೂ ಮಾರ್ಕೆಟ್ಟಿನ್ಯಾಗ ಸಿಗ್ತಾನ. ನನ್ನ ನೋಡಿದ್ರ ಚಾಚಾ ಅಂತ ಮಾತಾಡಸ್ತಾನ. ಆಮ್ಯಾಲೆ ಕುಂಟಕೋತ ಹೋಗ್ತಾನ. ಅವ ಬೈದಿದ್ರ ಚೊಲೋ ಇತ್ತು."

ಕಾಕಾ ನೆಲ ನೋಡಿದರು. ತಿರುಗುವ ಬ್ಲೇಡು ಇರುವ ಗಾಡಿ ಇದು. ಸುತ್ತ ಓಡಾಡುವುದು ಮುನ್ನೂರು ಮಕ್ಕಳು. ಹತ್ತಿದವರು ಬಿದ್ದರೆ ಬ್ಲೇಡು ನಿಲ್ಲಲೇಬೇಕು. ಇಷ್ಟು ಹೊತ್ತು ನಾನು ಯಾವುದನ್ನು ದೋಷ ಎಂದುಕೊಂಡಿದ್ದೆನೋ ಅದು ನಮ್ಮನ್ನು ಕಾಯಲೆಂದು ಇಟ್ಟದ್ದಾಗಿತ್ತು.

"ಸ್ವಿಚ್ಚ ಒತ್ತಿ ನೋಡ್ರಿ, ಬೆರಳಲೆ," ಎಂದರು ಚಾಚಾ.

ಒತ್ತಿದೆ. ಹಗುರಾಗಿ ಒಳಗೆ ಹೋಗಿ ಹೊರಗೆ ಬಂತು. ಮೀಟರು ಹಿಡಿದು ನೋಡಿದರೂ ಸರಿಯಾಗಿ ಕೆಲಸ ಮಾಡುತ್ತಿತ್ತು. ಹಾಗಾದರೆ ಸೀಟೇ ಅದನ್ನು ಮುಟ್ಟುತ್ತಿಲ್ಲ. ನಾನು ಸೀಟಿನ ತಳಕ್ಕೆ ಕೈ ಹಾಕಿದೆ. ಎರಡು ಸ್ಪ್ರಿಂಗು, ಅವುಗಳ ಸುರುಳಿಯ ಒಳಗೆಲ್ಲ ಗಟ್ಟಿ ಮಣ್ಣು. ಒಂದು ತುಂಡು ಮುರಿದು ನೋಡಿದೆ. ಒಳಗೆ ಸಣ್ಣ ಸಣ್ಣ ಕೋಣೆ. ಮಣ್ಣು ತಂದು ಗೂಡು ಕಟ್ಟುವ ಕಣಜದ ಹುಳಗಳು ಎರಡು ವರ್ಷ ಆ ಶೆಡ್ಡಿನಲ್ಲಿ ನಿಶ್ಚಿಂತೆಯಾಗಿ ಸಂಸಾರ ಮಾಡಿದ್ದವು. ಮಣ್ಣು ಸಿಮೆಂಟಿನಂತಾಗಿ ಸ್ಪ್ರಿಂಗು ಕುಗ್ಗಲು ಬಿಡುತ್ತಿರಲಿಲ್ಲ. ಕಾಕಾನ ತೊಂಬತ್ತು ಕೆಜಿಗೆ ಅದು ಸೋಲುತ್ತಿತ್ತು, ನನ್ನ ನಲವತ್ಮೂರಕ್ಕೆ ಸೋಲುತ್ತಿರಲಿಲ್ಲ.

ಸ್ಕ್ರೂಡ್ರೈವರಿನಿಂದ ಕೆರೆದು ಕೆರೆದು ಒಂದು ಬೊಗಸೆಯಷ್ಟು ಮಣ್ಣು ತೆಗೆದೆ. ಸೀಟಿನ ತಿರುಗಣಿಗೆ ಗ್ರೀಸು ಹಚ್ಚಿದೆ. ಕೂತರೆ ಸೀಟು ಎರಡು ಬೆರಳು ಕೆಳಗೆ ಇಳಿಯಿತು. ಪ್ಲಗ್ಗಿನ ಟೊಪ್ಪಿಗೆ ಹಾಕಿ ಗಾಡಿ ಚಾಲೂ ಮಾಡಿದೆ. ಮಡಿಲಲ್ಲಿ ಏನೂ ಇಲ್ಲ. ಕಾಲು ತೆಗೆದೆ.

ಓಡುತ್ತಲೇ ಇತ್ತು.

"ಈಗ ಏಳ್ರಿ," ಎಂದರು ಚಾಚಾ.

ಸೀಟಿನಿಂದ ಎದ್ದೆ. ತಕ್ಷಣ ನಿಂತಿತು. ಒಂದು ಎಂಜಿನ್ನು ನಿಂತದ್ದಕ್ಕೆ ನಾನು ಅಷ್ಟು ಸಂತೋಷಪಟ್ಟದ್ದು ಅದೊಂದೇ ಸಲ. ಮತ್ತೆ ಮೂರು ಸಲ ಕೂತು ಎದ್ದು ಪರೀಕ್ಷೆ ಮಾಡಿಸಿದ ಮೇಲೆಯೇ ಚಾಚಾ ಚೀಲದ ಜಿಪ್ಪು ಎಳೆದುಕೊಂಡರು.

ಸೋಮವಾರ ಶಾಲೆ ಬಿಟ್ಟ ಮೇಲೆ ಮೈದಾನಕ್ಕೆ ಇಳಿದೆ. ಅದಕ್ಕೂ ಮೊದಲು ಕಾಕಾ ಕೋಲು ಹಿಡಿದು ಇಡೀ ಹುಲ್ಲಿನಲ್ಲಿ ನಡೆದಾಡಿ ಕಲ್ಲುಗಳನ್ನು ಆರಿಸಿದ್ದರು. ಅಷ್ಟು ಎತ್ತರದ ಹುಲ್ಲನ್ನು ಗಾಡಿ ಒಂದೇ ಸಲ ನುಂಗಲಾರದು ಎಂದು ಮೊದಲ ಸುತ್ತಿಗೆ ಬ್ಲೇಡನ್ನು ತುದಿಯವರೆಗೂ ಮೇಲಕ್ಕೆತ್ತಿದ್ದೆ. ಬ್ಲೇಡಿನ ಗುಂಡಿ ಎಳೆದಾಗ ಸದ್ದೇ ಬದಲಾಯಿತು, ಕಾಲ ಕೆಳಗೆ ಬಿರುಗಾಳಿ ಎದ್ದಂತೆ. ಬಲಗಡೆಯಿಂದ ಹಸಿರು ಚಿಮ್ಮತೊಡಗಿತು. ಮೂವತ್ತು ಹೆಜ್ಜೆ ಹೋಗಿ ತಿರುಗಿ ನೋಡಿದೆ. ನನ್ನ ಹಿಂದೆ ಚಾಪೆ ಹಾಸಿದಂತೆ ಒಂದು ಪಟ್ಟಿ. ಹಸಿ ಹುಲ್ಲಿನ ವಾಸನೆ ಮೂಗಿಗೆ ಅಡರಿತು. ಎಲ್ಲಿಂದಲೋ ಬೆಳ್ಳಕ್ಕಿಗಳು ಬಂದು ಆ ಪಟ್ಟಿಯಲ್ಲಿ ಇಳಿದು, ಹಾರಿದ ಮಿಡತೆಗಳನ್ನು ಹೆಕ್ಕುತ್ತಾ ನನ್ನ ಹಿಂದೆ ಹಿಂದೆ ಬಂದವು. ಮಕ್ಕಳನ್ನು ವರಾಂಡದಲ್ಲೇ ನಿಲ್ಲಿಸಿದ್ದೆ. ನಾನು ಆ ಕಡೆ ಬಂದಾಗಲೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ನಾನು ಗಂಭೀರವಾಗಿರಲು ನೋಡಿದೆ, ಆಗಲಿಲ್ಲ.

ಬುಧವಾರದ ಹೊತ್ತಿಗೆ ಎರಡನೆಯ ಸುತ್ತು ಮುಗಿಯಿತು. ಗುರುವಾರ ಕಾಕಾ ಸುಣ್ಣದ ಗೆರೆ ಎಳೆದರು. ಹಸಿರಿನ ಮೇಲೆ ಬಿಳಿ ಗೆರೆ. ನಮ್ಮ ಮೈದಾನಕ್ಕೆ ಇಷ್ಟು ಒಳ್ಳೆಯ ಮೈಕಟ್ಟು ಇತ್ತೆಂದು ನನಗೇ ಗೊತ್ತಿರಲಿಲ್ಲ.

ಶುಕ್ರವಾರ ಕ್ರೀಡಾಕೂಟ ನಡೆಯಿತು. ನಮ್ಮ ಹುಡುಗಿಯರು ರಿಲೇಯಲ್ಲಿ ಎರಡನೆಯವರಾದರು, ಖೋ-ಖೋದಲ್ಲಿ ಸೋತರು. ಯಾರೂ ಎಡವಿ ಬೀಳಲಿಲ್ಲ. ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಪಂದ್ಯಗಳಿಗೆ ರೆಫರಿಯಾಗಿ ಬಂದಿದ್ದ ರಾಣೇಬೆನ್ನೂರು ತಾಲೂಕಿನ ದೈಹಿಕ ಶಿಕ್ಷಕರೊಬ್ಬರು ಗಾಡಿಯ ಸುತ್ತ ತಿರುಗಿ ನೋಡಿ ಕೇಳಿದರು:

"ಯಾರು ರಿಪೇರಿ ಮಾಡಿದ್ರು ಮೇಡಂ?"

"ನಾವ ಮಾಡೇವ್ರಿ," ಎಂದೆ.

"ನಾವು ಅಂದ್ರ?"

"ಚಾಚಾ ಹೇಳಿದ್ರು, ನಾ ಮಾಡಿದೆ."

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಅವರದು ಕುಪ್ಪೇಲೂರು. ಅವರ ಮನೆಯ ಹೊಲದಲ್ಲಿ ಔಷಧಿ ಹೊಡೆಯುವ ಬ್ಯಾಟರಿ ಪಂಪು ಒಂದಿತ್ತು, ತಿಂಗಳಿಂದ ಕೆಟ್ಟು ನಿಂತಿತ್ತು. ಬಂದು ನೋಡುತ್ತೇನೆ ಎಂದೆ. ಮುಂದಿನ ಭಾನುವಾರ ರಾಣೇಬೆನ್ನೂರಿಗೆ ಹೋಗಿ, ಅಲ್ಲಿಂದ ಕುಪ್ಪೇಲೂರಿನ ಬಸ್ಸು ಹಿಡಿದೆ. ಅಂಗಳದಲ್ಲಿ ಗೋಣಿಚೀಲ ಹಾಸಿ ಪಂಪು ಬಿಚ್ಚಿ ಕೂತೆ. ಸ್ವಿಚ್ಚು, ವಾಯರು, ಮೋಟಾರು ಒಂದೊಂದಾಗಿ ನೋಡುತ್ತಾ ಎರಡು ತಾಸು ಕಳೆದೆ. ಕೊನೆಗೆ ನನಗೆ ಗೊತ್ತಾದದ್ದು, ಬ್ಯಾಟರಿಯೇ ಒಳಗೆ ಸತ್ತಿದೆ, ಅದಕ್ಕೆ ಮದ್ದಿಲ್ಲ ಎಂದು. ಹೊಸದೇ ಹಾಕಬೇಕು ಎಂದು ಹೇಳಿ, ಅವರ ಮನೆಯವರು ಬಡಿಸಿದ ರೊಟ್ಟಿ, ಕಡಲೆಹಿಟ್ಟಿನ ಝುಣಕ ಉಣ್ಣಲು ಕೂತೆ. ಅವರ ತಾಯಿ ಬಾಗಿಲಲ್ಲಿ ನಿಂತು, ಈ ಅಕ್ಕೋರು ಇಷ್ಟು ದೂರದಿಂದ ಬಂದು ಏನೂ ಆಗಲಿಲ್ಲವಲ್ಲ ಎಂದು ಮರುಗಿದರು.

"ಆತಲ್ರಿ ಅವ್ವಾರ," ಎಂದೆ. "ದೋಷ ಎಲ್ಲೈತಿ ಅಂತ ಸಿಕ್ತಲ್ರಿ."

ಅವರಿಗೆ ಏನೂ ತಿಳಿಯಲಿಲ್ಲ. ಇನ್ನೊಂದು ರೊಟ್ಟಿ ಹಾಕಿದರು.